ಗೆರೆಯಿಂದ ಒಂದೂವರೆ ಹೆಜ್ಜೆ ಹಿಂದೆ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಕನ್ನಡ ಶಾಲೆಯೊಂದರಲ್ಲಿ, ಕರಾಟೆ ಕಲಿಯುವ ಮಕ್ಕಳ ಹೆತ್ತವರ ಎದುರು ಅವರ ಕರಾಟೆ ಟೀಚರ್ ಆಡಿದ ಮಾತುಗಳ ಬರಹ ರೂಪ)

ಮೊದಲು ನಿಮಗೊಂದು ಪ್ರಶ್ನೆ. ನಿಮ್ಮ ಮಕ್ಕಳು ಇದುವರೆಗೆ ಯಾವುದಾದರೂ ಪರೀಕ್ಷೆಯಲ್ಲಿ ಫೇಲ್ ಆಗಿದ್ದಾರಾ? ಶಾಲೆಯ ಪರೀಕ್ಷೆಯೇ ಆಗಬೇಕೆಂದಿಲ್ಲ. ಆಗಿದ್ದರೆ ಕೈ ಎತ್ತಿ.

ಇಷ್ಟು ದೊಡ್ಡ ಹಾಲ್‌ನಲ್ಲಿ ಎರಡೇ ಕೈ.

ನನಗೆ ಇದು ಆಶ್ಚರ್ಯ ಅಲ್ಲ. ನಮ್ಮ ಕೇರಳದ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ. 2023ರಲ್ಲಿ ಶೇಕಡಾ 99.70. 2024ರಲ್ಲಿ 99.69. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಫಲಿತಾಂಶದ ದಿನ ಊರಿನಲ್ಲಿ ನಾಲ್ಕು ಮನೆಯಾದರೂ ಮಾತಿಲ್ಲದೆ ಕೂತಿರುತ್ತಿತ್ತು. ಈಗ ಹಾಗಿಲ್ಲ. ಅದು ಒಳ್ಳೆಯದೇ. ಆ ಕಾಲ ವಾಪಸ್ ಬರಲಿ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ ಇದರಿಂದ ಒಂದು ಸಂಗತಿ ಆಗಿದೆ. ನಮ್ಮ ಊರಿನ ಮಗು "ನಿನಗೆ ಆಗಲಿಲ್ಲ" ಎನ್ನುವ ಮಾತನ್ನು ಮೊದಲ ಸಲ ಕೇಳುವುದು ಕರಾಟೆ ಕ್ಲಾಸಿನಲ್ಲಿ. ಎಂಟು, ಒಂಬತ್ತು ವರ್ಷಕ್ಕೆ. ಬರಿಗಾಲಿನಲ್ಲಿ ನಿಂತು, ಜೊತೆಯ ಮಕ್ಕಳೆಲ್ಲ ನೋಡುತ್ತಿರುವಾಗ.

ಹಾಗಾಗಿ ಆ ಮಾತು ಹೇಳುವ ಕೆಲಸ ನನ್ನಂಥವರ ಪಾಲಿಗೆ ಬಂದಿದೆ. ಅದನ್ನು ಹೇಗೆ ಹೇಳಬೇಕು, ಹೇಳದೆ ಬಿಟ್ಟರೆ ಏನಾಗುತ್ತದೆ, ಮನೆಗೆ ಬಂದ ಮಗುವಿನ ಹತ್ತಿರ ನೀವು ಏನು ಮಾತಾಡಬೇಕು ಎಂಬುದರ ಬಗ್ಗೆ ಇವತ್ತು ಮಾತಾಡುತ್ತೇನೆ. ನಾನು ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಬೆಲ್ಟ್ ಟೆಸ್ಟಿನಲ್ಲಿ, ಅಂದರೆ ಮುಂದಿನ ಹಂತದ ಬಣ್ಣದ ಬೆಲ್ಟಿಗಾಗಿ ನಡೆಯುವ ಪರೀಕ್ಷೆಯಲ್ಲಿ, ಫೇಲ್ ಆಗುವ ದಾರಿಯನ್ನು ಮಕ್ಕಳಿಗೆ ಮುಚ್ಚಬೇಡಿ.

ನನ್ನ ಕಥೆಯಿಂದಲೇ ಶುರು ಮಾಡುತ್ತೇನೆ. 1994ರ ಮೇ ತಿಂಗಳು. ನನಗೆ 14 ವರ್ಷ. ಬ್ರೌನ್ ಬೆಲ್ಟಿನ ಟೆಸ್ಟ್, ಕಪ್ಪು ಬೆಲ್ಟಿಗೆ ಮೊದಲಿನ ಹಂತ. ನಮ್ಮ ತಂಡದಲ್ಲಿ 12 ಜನ. ಅದರಲ್ಲಿ ಹುಡುಗಿ ನಾನೊಬ್ಬಳೇ. ಆಗ ನಮ್ಮ ಕಡೆ ಹೆಣ್ಣುಮಕ್ಕಳು ಕರಾಟೆಗೆ ಹೋಗುವುದು ಅಪರೂಪ. ಬಿಳಿ ಡ್ರೆಸ್ಸನ್ನು ಬಟ್ಟೆಚೀಲದ ಅಡಿಯಲ್ಲಿಟ್ಟು ಮೇಲೆ ಪುಸ್ತಕ ಇಟ್ಟುಕೊಂಡು ಬಸ್ ಹತ್ತುತ್ತಿದ್ದೆ. ಕೇಳುವವರು ಜಾಸ್ತಿ, ಅದಕ್ಕೆ.

ಆ ಟೆಸ್ಟಿಗೆ ನಾನು ತಯಾರಾದದ್ದು ಹೇಯಾನ್ ಗೋದಾನ್ ಎನ್ನುವ ಕಟಾಕ್ಕೆ. ಕಟಾ ಅಂದರೆ ಗೊತ್ತಲ್ವಾ? ಎದುರಾಳಿ ಇಲ್ಲದೆ ಒಬ್ಬರೇ ಮಾಡುವ, ಮೊದಲಿನಿಂದ ಕೊನೆಯವರೆಗೆ ಕ್ರಮ ಗೊತ್ತಿರುವ ಹೊಡೆತ, ತಡೆಗಳ ಸರಣಿ. ಹೇಯಾನ್ ಸರಣಿಯಲ್ಲಿ ಐದು ಕಟಾಗಳಿವೆ. ಗೋದಾನ್ ಐದನೆಯದು. ಅದರಲ್ಲಿ ಒಂದು ಕಡೆ ಹಾರಬೇಕು. ಆ ಹಾರುವುದನ್ನು ನಾನು ಎರಡು ತಿಂಗಳು ಅಭ್ಯಾಸ ಮಾಡಿದ್ದೆ. ಚೆನ್ನಾಗಿಯೇ ಬರುತ್ತಿತ್ತು.

ಹೊರಗಿನಿಂದ ಪರೀಕ್ಷಕರು ಬಂದಿದ್ದರು. ವಯಸ್ಸಾದವರು, ಜಾಸ್ತಿ ಮಾತಿಲ್ಲ. ಗೋದಾನ್ ನೋಡಿದರು. ತಲೆ ಆಡಿಸಿದರು. ನಾನು ಮುಗಿಯಿತು ಅಂದುಕೊಂಡೆ. ಆಗ ಅವರು ಕುರ್ಚಿಯಿಂದ ಎದ್ದು ಬಂದರು. ಕಿಸೆಯಿಂದ ಒಂದು ತುಂಡು ಸೀಮೆಸುಣ್ಣ ತೆಗೆದರು. ನನ್ನ ಕಾಲಿನ ಹೆಬ್ಬೆರಳ ಮುಂದೆ ಒಂದು ಗೆರೆ ಎಳೆದರು. "ಹೇಯಾನ್ ಶೋದಾನ್" ಅಂದರು.

ಶೋದಾನ್ ಮೊದಲನೆಯ ಕಟಾ. ಸಣ್ಣ ಮಕ್ಕಳು ಕಲಿಯುವಂಥದ್ದು. 21 ಚಲನೆ. ಕಣ್ಣು ಮುಚ್ಚಿಯೂ ಮಾಡುತ್ತೇನೆ ಅಂತ ನನ್ನ ಲೆಕ್ಕ. ಮಾಡಿದೆ. ಎರಡು ಕಡೆ ಜೋರಾಗಿ ಕಿಯಾಯ್, ಅಂದರೆ ಹೊಡೆತದ ಜೊತೆಗಿನ ಕೂಗು, ಕೂಗಿದೆ. ಮುಗಿಸಿ ನೆಟ್ಟಗೆ ನಿಂತೆ. ಅವರು ಮಲಯಾಳದಲ್ಲಿ "ಕೆಳಗೆ ನೋಡು" ಅಂದರು.

ನೋಡಿದೆ. ಗೆರೆ ನನ್ನ ಮುಂದೆ ಇತ್ತು. ಒಂದೂವರೆ ಹೆಜ್ಜೆ ಮುಂದೆ.

ಇದು ಯಾಕೆ ದೊಡ್ಡ ವಿಷಯ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೇಯಾನ್ ಶೋದಾನ್ ಎಲ್ಲಿ ಶುರುವಾಗುತ್ತದೋ ಅಲ್ಲೇ ಮುಗಿಯಬೇಕು. ನೆಲದ ಮೇಲೆ ಅದರ ದಾರಿ ಬಿಡಿಸಿದರೆ ಒಂದು ಉದ್ದ ಗೆರೆ, ಅದರ ಎರಡು ತುದಿಗೂ ಒಂದೊಂದು ಅಡ್ಡ ಗೆರೆ. ಉದ್ದ ಗೆರೆಯಲ್ಲಿ ಹೋಗುವಾಗ ಮೂರು ಸಲ ತಲೆಯ ಮೇಲಿನ ಹೊಡೆತ ತಡೆಯುತ್ತಾ ಮುಂದೆ ಹೋಗುತ್ತೇವೆ. ವಾಪಸ್ ಬರುವಾಗ ಮೂರು ಸಲ ಗುದ್ದುತ್ತಾ ಬರುತ್ತೇವೆ. ಹೋಗುವ ಮೂರು ಹೆಜ್ಜೆ, ಬರುವ ಮೂರು ಹೆಜ್ಜೆ ಒಂದೇ ಅಳತೆಯದ್ದಾದರೆ ಶುರುವಾದ ಜಾಗಕ್ಕೇ ಬಂದು ಸೇರುತ್ತೇವೆ. ಗೆರೆಯ ಹಿಂದೆ ನಿಂತಿದ್ದೇನೆ ಅಂದರೆ ಅರ್ಥ ಏನು? ಹೋಗುವಾಗ ನನ್ನ ಹೆಜ್ಜೆ ಸಣ್ಣದು. ಬರುವಾಗ ಉದ್ದದ್ದು.

ಪರೀಕ್ಷಕರು ಅದನ್ನು ಎರಡೇ ಮಾತಿನಲ್ಲಿ ಹೇಳಿದರು. "ತಡೆಯುವಾಗ ನಿನಗೆ ಹೆದರಿಕೆ. ಹೊಡೆಯುವಾಗ ಮಾತ್ರ ಧೈರ್ಯ."

ಸಂಜೆ ಪಾಸಾದವರ ಹೆಸರು ಓದಿದರು. ಒಂದೊಂದು ಹೆಸರಿಗೂ ಚಪ್ಪಾಳೆ. ಹನ್ನೊಂದು ಹೆಸರು ಓದಿ ಪಟ್ಟಿ ಮಡಚಿದರು. ನನ್ನದು ಓದಲಿಲ್ಲ. ಅಲ್ಲಿಯ ಪದ್ಧತಿ ಹಾಗೆಯೇ ಇತ್ತು. ಓದದಿದ್ದರೆ ಫೇಲ್ ಅಂತ ನಾವೇ ತಿಳಿದುಕೊಳ್ಳಬೇಕು. ಈ ಪದ್ಧತಿ ತಪ್ಪು ಅಂತ ನನಗೆ ಅವತ್ತೂ ಅನಿಸಿತು, ಇವತ್ತೂ ಅನಿಸುತ್ತದೆ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಬಸ್ಸಿನಲ್ಲಿ ಅಳಲಿಲ್ಲ. ಮನೆಯ ದಣಪೆ ದಾಟಿದ ಮೇಲೆ ತಡೆಯಲಾಗಲಿಲ್ಲ. ನೆರೆಮನೆಯವರು ಅಂಗಳದಲ್ಲೇ ಕೂತಿದ್ದರು. "ಹುಡುಗಿಯರಿಗೆ ಇದೆಲ್ಲ ಹೇಳಿಸಿದ್ದಲ್ಲ ಅಂತ ನಾನು ಆಗಲೇ ಹೇಳಿದ್ದೆ" ಅಂತ ಒಬ್ಬರು ಅಮ್ಮನಿಗೆ ಹೇಳಿದರು. ಅಮ್ಮ ಏನೂ ಹೇಳಲಿಲ್ಲ. ಅಪ್ಪ "ಹೋಗಲಿ ಬಿಡು, ಇನ್ನು ಹತ್ತನೇ ಕ್ಲಾಸು, ಓದುವುದು ಉಂಟಲ್ಲ" ಅಂದರು. ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಮಾತು ಕೇಳಿ ನನಗೆ ಇನ್ನೂ ಜಾಸ್ತಿ ಅಳು ಬಂತು. ಯಾಕೆಂದರೆ ಬಿಡುವುದು ಎಷ್ಟು ಸುಲಭ ಅಂತ ಆ ಕ್ಷಣದಲ್ಲಿ ಗೊತ್ತಾಯಿತು.

ಮೂರು ವಾರ ಕ್ಲಾಸಿಗೆ ಹೋಗಲಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮದು ಅಡಿಕೆ ತೋಟದ ಮನೆ. ಮಳೆಗಾಲ ಶುರುವಾಯಿತು ಅಂದರೆ ಜಾರಬಾರದು ಅಂತ ಅಂಗಳಕ್ಕೆಲ್ಲ ಅಡಿಕೆ ಸೋಗೆ ಹಾಸುತ್ತಾರೆ, ನಿಮ್ಮ ಮನೆಗಳಲ್ಲೂ ನೋಡಿದ್ದೀರಿ. ಹಾಗಾಗಿ ಹೊರಗೆ ಅಭ್ಯಾಸಕ್ಕೂ ಜಾಗ ಇಲ್ಲ. ನಾನು ಜಗಲಿಯಲ್ಲಿ ಸುಮ್ನೆ ಕೂತಿದ್ದೆ. ಅಜ್ಜಿ ಗೋಡೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಆ ಗೆರೆಯ ವಿಷಯ ಎಂತದು ಮಗಾ? ಇನ್ನೊಮ್ಮೆ ಹೇಳು ನೋಡುವ" ಅಂದರು.

ಹೇಳಿದೆ. ಕಾಲು ಎಲ್ಲಿತ್ತು, ಗೆರೆ ಎಲ್ಲಿತ್ತು ಅಂತ ತೋರಿಸಿದೆ. ಅಜ್ಜಿ ಸುಣ್ಣದ ಡಬ್ಬಿಗೆ ಬೆರಳು ಅದ್ದಿದರು. ಕಾವಿ ನೆಲದ ಮೇಲೆ ಗೇಣುದ್ದದ ಬಿಳಿ ಗೆರೆ ಎಳೆದರು. "ಇಲ್ಲಿ ನಿಲ್ಲು. ಮಾಡು. ನಾನು ನೋಡ್ತೇನೆ."

ಅಜ್ಜಿಗೆ ಕರಾಟೆ ಅಂದರೆ ಏನು ಅಂತ ಗೊತ್ತಿರಲಿಲ್ಲ. ಆದರೆ ಹೆಬ್ಬೆರಳು ಗೆರೆಗೆ ಬಂತಾ ಇಲ್ಲವಾ ಅಂತ ನೋಡಲು ಕರಾಟೆ ಗೊತ್ತಿರಬೇಕಾಗಿಲ್ಲ. ಮೊದಲ ದಿನ ಹಿಂದೆ ಹೋದೆ. "ಮೂರು ಗೇಣು" ಅಂದರು. ಮರುದಿನ ಹೋಗುವ ಹೆಜ್ಜೆಯನ್ನು ಬೇಕೆಂದೇ ಉದ್ದ ಇಟ್ಟೆ. ಗೆರೆಯನ್ನು ದಾಟಿ ಮುಂದೆ ನಿಂತೆ. "ಈಗ ಇತ್ಲಾಗಿ ಒಂದು ಗೇಣು." ಹೀಗೆ ದಿನಾ. ಸಂಜೆ ದೀಪ ಹಚ್ಚುವ ಮೊದಲು ಐದು ಸಲ. ನೆಲ ಒರೆಸಿದಾಗ ಗೆರೆ ಮಾಸುತ್ತಿತ್ತು. ಅಜ್ಜಿ ಮತ್ತೆ ಸುಣ್ಣ ಅದ್ದಿ ಎಳೆಯುತ್ತಿದ್ದರು.

ಅಭ್ಯಾಸ ಮಾಡುತ್ತಾ ಮಾಡುತ್ತಾ ತಪ್ಪು ಎಲ್ಲಿದೆ ಅಂತ ನನ್ನ ಮೈಗೇ ಗೊತ್ತಾಯಿತು. ಕೈಯನ್ನು ತಲೆಯ ಮೇಲೆ ಎತ್ತುವಾಗ ನನ್ನ ಇಡೀ ಮೈ ಮೇಲಕ್ಕೆ ಹೋಗುತ್ತಿತ್ತು. ಮೈ ಮೇಲೆ ಹೋದರೆ ಮುಂದಿನ ಮೊಣಕಾಲು ನೆಟ್ಟಗಾಗುತ್ತದೆ. ಮೊಣಕಾಲು ಮಡಚದಿದ್ದರೆ ಹೆಜ್ಜೆ ತನ್ನಿಂದ ತಾನೇ ಸಣ್ಣದಾಗುತ್ತದೆ. ಹಿಂದಿನ ಕಾಲಿನ ಹಿಮ್ಮಡಿ ಎದ್ದುಬಿಡುತ್ತದೆ. ಅಂದರೆ ಕೆಲಸ ಇದ್ದದ್ದು ಕೈಯಲ್ಲಿ ಅಲ್ಲ, ಸೊಂಟದಲ್ಲಿ. ಸೊಂಟ ಒಂದೇ ಎತ್ತರದಲ್ಲಿ ಸಾಗಬೇಕು. ತುಂಬಿದ ಕೊಡ ಸೊಂಟದಲ್ಲಿಟ್ಟು ತೋಟದ ಕಟ್ಟಪುಣಿಯಲ್ಲಿ, ಆ ಸಪುರ ಬದುವಿನ ಮೇಲೆ, ಬರುವವರು ನಡೆಯುತ್ತಾರಲ್ಲ, ಹಾಗೆ. ಇದನ್ನು ನನ್ನ ಮಾಸ್ಟ್ರು ಅದಕ್ಕೆ ಮೊದಲು ನೂರು ಸಲ ಹೇಳಿದ್ದರು. ಆದರೆ ಹೊಸ ಕಟಾ, ಹೊಸ ಒದೆತ ಅಂತ ಮುಂದೆ ಮುಂದೆ ಓಡುತ್ತಿದ್ದ ನನಗೆ ಅದು ಕಿವಿಗೆ ಬಿದ್ದಿರಲಿಲ್ಲ. ಪಾಸ್ ಆಗಿದ್ದರೆ ಮುಂದೆಯೂ ಬೀಳುತ್ತಿರಲಿಲ್ಲ.

ನವರಾತ್ರಿಯ ಹೊತ್ತಿಗೆ ಮರುಪರೀಕ್ಷೆ ಆಯಿತು. ಪಾಸ್ ಆದೆ. ಅದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ.

ಈಗ ಸ್ವಲ್ಪ ಬೇರೆ ಕಡೆ ಹೋಗುತ್ತೇನೆ. ಈ ಬೆಲ್ಟ್ ಅನ್ನುವುದು ಎಲ್ಲಿಂದ ಬಂತು? ತುಂಬಾ ಹೆತ್ತವರು ಇದು ಸಾವಿರಾರು ವರ್ಷದ ಪದ್ಧತಿ ಅಂದುಕೊಂಡಿದ್ದಾರೆ. ಅಲ್ಲ. ಜಪಾನಿನಲ್ಲಿ ಜೂಡೋ ಶುರು ಮಾಡಿದ ಕಾನೋ ಜಿಗೊರೊ 1883ರಲ್ಲಿ ತಮ್ಮ ಇಬ್ಬರು ಶಿಷ್ಯರಿಗೆ ಮೊದಲ 'ದಾನ್' ಕೊಟ್ಟರು. ದಾನ್ ಅಂದರೆ ಮೆಟ್ಟಿಲು, ಈಗ ಕಪ್ಪು ಬೆಲ್ಟಿನ ಹಂತಗಳಿಗೆ ಹೇಳುವ ಮಾತು. ನಮ್ಮ ಕನ್ನಡದ ದಾನಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಮಾತನ್ನು ಕಾನೋ ತೆಗೆದುಕೊಂಡದ್ದು 'ಗೋ' ಎನ್ನುವ ಆಟದಿಂದ. ಚದುರಂಗದ ಹಾಗೆ ಮಣೆಯ ಮೇಲೆ ಆಡುವ ಆಟ ಅದು. ಕರಾಟೆಗೆ ಈ ಕ್ರಮ ಬಂದದ್ದು 1924ರಲ್ಲಿ, ಒಕಿನಾವಾ ದ್ವೀಪದಿಂದ ಟೋಕಿಯೋಗೆ ಬಂದಿದ್ದ ಫುನಾಕೋಶಿ ಗಿಚಿನ್ ತಮ್ಮ ಶಿಷ್ಯರಿಗೆ ದಾನ್ ಕೊಟ್ಟಾಗ. ಅಂದರೆ ಕರಾಟೆಯ ಬೆಲ್ಟಿಗೆ ಈಗ ನೂರು ವರ್ಷ ದಾಟಿದೆ, ಅಷ್ಟೇ. ಇನ್ನು ಹಳದಿ, ಹಸಿರು, ನೀಲಿ ಅಂತ ಬಣ್ಣಗಳು. ಅವನ್ನು ಹೆಚ್ಚು ಬಳಕೆಗೆ ತಂದವರು 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಜೂಡೋ ಕಲಿಸುತ್ತಿದ್ದ ಕವಾಯಿಶಿ ಎಂಬ ಜಪಾನಿನ ಶಿಕ್ಷಕರು. ಒಂದೊಂದು ಮೆಟ್ಟಿಲು ಹತ್ತಿದ್ದೂ ಕಣ್ಣಿಗೆ ಕಂಡರೆ ಕಲಿಯುವವರಿಗೆ ಹುರುಪು ಇರುತ್ತದೆ, ಅಲ್ವಾ?

ಫುನಾಕೋಶಿ ಶಾಲೆಯ ಮೇಷ್ಟ್ರು ಆಗಿದ್ದವರು. ಅವರ ಗುರು ಇಟೊಸು ಅಂಕೊ ಈ ಹೇಯಾನ್ ಕಟಾಗಳನ್ನು ಕಟ್ಟಿದ್ದೇ ಒಕಿನಾವಾದ ಶಾಲಾ ಮಕ್ಕಳಿಗಾಗಿ. ಆಗ ಅವುಗಳ ಹೆಸರು ಪಿನಾನ್. ಫುನಾಕೋಶಿ ಹೆಸರು ಬದಲಿಸಿದರು. ಜೊತೆಗೆ ಇನ್ನೊಂದು ಕೆಲಸ ಮಾಡಿದರು. ಎರಡನೆಯದಾಗಿದ್ದ ಕಟಾ ಸುಲಭ ಅಂತ ಅದನ್ನು ಮೊದಲನೆಯದಾಗಿ ಇಟ್ಟರು. ನಾನು ಫೇಲ್ ಆದ ಹೇಯಾನ್ ಶೋದಾನ್ ಅದೇ. ಮಕ್ಕಳಿಗೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಕೂತು ಯೋಚನೆ ಮಾಡಿದ ಮೇಷ್ಟ್ರೊಬ್ಬರ ಕೆಲಸ ಅದು. ನನಗೆ ಅವರ ಮೇಲೆ ತುಂಬಾ ಗೌರವ ಇರುವುದು ಇದಕ್ಕೇ.

ಕಪ್ಪು ಬೆಲ್ಟಿನ ಮೊದಲ ಹಂತಕ್ಕೂ 'ಶೋದಾನ್' ಅಂತಲೇ ಹೆಸರು. ಅಂದರೆ ಮೊದಲ ಮೆಟ್ಟಿಲು. ನೀವೆಲ್ಲ ಕೊನೆಯ ಮೆಟ್ಟಿಲು ಅಂದುಕೊಂಡಿರುವುದರ ಹೆಸರು ಮೊದಲ ಮೆಟ್ಟಿಲು.

ನಮ್ಮ ನಾಡಿನಲ್ಲಿ ನೋಡಿ. ಕೇರಳದ ಹಳೆಯ ಕಾಳಗ ಕಲೆ ಕಳರಿಯಲ್ಲಿ ಬೆಲ್ಟ್ ಇಲ್ಲ. 42 ಅಡಿ ಉದ್ದ, 21 ಅಡಿ ಅಗಲದ ತಗ್ಗಿನಲ್ಲಿ ಮಗು ಮೊದಲು ಮೆಯ್‌ತಾರಿ ಕಲಿಯುತ್ತದೆ, ಅಂದರೆ ಬರೀ ಮೈ ಪಳಗಿಸುವುದು. ಅದು ಕೂಡಿಬಂದ ಮೇಲೆ ಕೋಲು. ಕೋಲಿನ ಆಮೇಲೆ ಕತ್ತಿ ಗುರಾಣಿ. ಆಯುಧ ಇಲ್ಲದೆ ಬರಿಗೈಯಲ್ಲಿ ಎದುರಿಸುವುದು ಕೊನೆಗೆ. ಮೈ ತಯಾರಾಗದೆ ಗುರುಕ್ಕಳ್, ಅಂದರೆ ಕಳರಿಯ ಗುರು, ಮಗುವಿನ ಕೈಗೆ ಕೋಲು ಕೊಡುವುದಿಲ್ಲ. ಅಲ್ಲಿ ಪರೀಕ್ಷೆಯ ದಿನ ಅಂತ ಬೇರೆ ಇಲ್ಲ. ಕೋಲು ಕೈಗೆ ಬರಲಿಲ್ಲ ಅಂದರೆ ಇನ್ನೂ ಆಗಿಲ್ಲ ಅಂತ ಅರ್ಥ. ನಮ್ಮ ಯಕ್ಷಗಾನದಲ್ಲೂ ಹಾಗೆಯೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ನಿಮಗೆ ನಾನು ಹೇಳಬೇಕಾಗಿಲ್ಲ. ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಹೀಗೆ ಪೂರ್ವರಂಗದಲ್ಲಿ ಕಾಲು ಪಳಗಿಸಿಕೊಂಡೇ ಮುಂದಿನ ವೇಷಕ್ಕೆ ಹೋಗುತ್ತಿದ್ದ. ಬಾಲಗೋಪಾಲನ ಹೆಜ್ಜೆ ತಾಳಕ್ಕೆ ಕೂರದವನಿಗೆ ಯಾರೂ ಅಭಿಮನ್ಯು ಕೊಡುತ್ತಿರಲಿಲ್ಲ. ಕೊಟ್ಟರೆ ಆಟ ನೋಡುವವರಿಗೇ ಗೊತ್ತಾಗುತ್ತಿತ್ತು.

ಹಾಗಾಗಿ "ಇನ್ನೂ ಆಗಿಲ್ಲ, ಸ್ವಲ್ಪ ತಡಿ" ಅನ್ನುವುದು ನಮಗೆ ಹೊಸ ಮಾತಲ್ಲ. ಅದಕ್ಕೆ ಒಂದು ತಾರೀಕು, ಒಂದು ಫೀಸು, ಒಂದು ಸರ್ಟಿಫಿಕೇಟು ಬಂದು ಸೇರಿದ ಮೇಲೆ ಅದು ನಮಗೆ ಅವಮಾನ ಅನಿಸಲು ಶುರುವಾಯಿತು.

ಫೀಸಿನ ಮಾತು ಬಂತು, ಹೇಳಿಬಿಡುತ್ತೇನೆ. ಮೂರು ತಿಂಗಳಿಗೊಮ್ಮೆ ಟೆಸ್ಟ್, ಬಂದವರೆಲ್ಲ ಪಾಸ್ ಅನ್ನುವ ಕ್ಲಾಸುಗಳು ಇವೆ. ಯಾರು, ಎಲ್ಲಿ ಅಂತ ನಾನು ಹೇಳುವುದಿಲ್ಲ. ಆದರೆ ಸೇರಿಸುವ ಮೊದಲು ನೀವು ಒಂದು ಪ್ರಶ್ನೆ ಕೇಳಿ: "ಹೋದ ಸಲ ಎಷ್ಟು ಮಕ್ಕಳು ಪಾಸ್ ಆಗಲಿಲ್ಲ? ಅವರಿಗೆ ಆಮೇಲೆ ನೀವು ಏನು ಮಾಡಿದಿರಿ?" ಯಾರೂ ಫೇಲ್ ಆಗುವುದೇ ಇಲ್ಲ ಅಂತ ಹೆಮ್ಮೆಯಿಂದ ಹೇಳಿದರೆ ಅಲ್ಲಿ ಬೆಲ್ಟ್ ಮಾರುತ್ತಿದ್ದಾರೆ. ಹತ್ತರಲ್ಲಿ ಆರು ಮಕ್ಕಳು ಫೇಲ್ ಅಂತ ಹೇಳಿದರೂ ಅಲ್ಲಿ ಸೇರಿಸಬೇಡಿ. ತಯಾರಾಗದ ಮಕ್ಕಳನ್ನು ಟೆಸ್ಟಿಗೆ ನಿಲ್ಲಿಸಿ ದುಡ್ಡು ತೆಗೆದುಕೊಳ್ಳುತ್ತಿದ್ದಾರೆ ಅಂತ ಅರ್ಥ.

ಇನ್ನು, ನಾನೇ ಮಾಡಿದ ಒಂದು ತಪ್ಪು ಹೇಳಬೇಕು. ಇದನ್ನು ಇಷ್ಟು ಜನರ ಎದುರು ಹಿಂದೆ ಹೇಳಿದ್ದಿಲ್ಲ.

ಸುಮಾರು ಹತ್ತು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಹನ್ನೊಂದು ವರ್ಷ. ಅಪ್ಪ ಗಲ್ಫಿನಲ್ಲಿ. ಎರಡು ವರ್ಷಕ್ಕೊಮ್ಮೆ ಬರುವವರು. ಅವರ ರಜೆ ಮುಗಿಯುವ ವಾರದಲ್ಲೇ ಟೆಸ್ಟ್ ಬಂತು. ಅಪ್ಪ ಮೊಬೈಲ್ ಹಿಡಿದುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವಳು ಕಟಾದ ನಡುವೆ ನಿಂತುಬಿಟ್ಟಳು. ಮರೆತುಹೋಗಿತ್ತು. ನಾನು ಮುಂದಿನ ಚಲನೆಯನ್ನು ಕಣ್ಣಿನಲ್ಲೇ ತೋರಿಸಿದೆ. ಮತ್ತೆ ನಿಂತಳು. ಮತ್ತೆ ತೋರಿಸಿದೆ. ಹೇಗೋ ಮುಗಿಸಿದಳು. ನಾನು ಪಾಸ್ ಮಾಡಿದೆ. ಹಸಿರು ಬೆಲ್ಟನ್ನು ಅಪ್ಪನ ಕೈಯಿಂದಲೇ ಕಟ್ಟಿಸಿದೆ. ಅವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅವತ್ತು ಮಲಗಿದೆ.

ನಾಲ್ಕೈದು ತಿಂಗಳ ಮೇಲೆ ಅವಳು ಕ್ಲಾಸು ಬಿಟ್ಟಳು. ಪೇಟೆಯಲ್ಲಿ ಸಿಕ್ಕಿದಾಗ "ಯಾಕೆ ಮಗಾ ಬರುವುದಿಲ್ಲ?" ಅಂತ ಕೇಳಿದೆ. ಕಾಲಿನ ಬೆರಳು ನೋಡುತ್ತಾ ನಿಂತಳು. ಆಮೇಲೆ ಹೇಳಿದಳು, "ಟೀಚರ್, ಅದು ನನಗೆ ಬರುದಿಲ್ಲ ಅಂತ ನನಗೆ ಗೊತ್ತುಂಟು. ನಿಮಗೂ ಗೊತ್ತುಂಟು. ಆ ಬೆಲ್ಟ್ ಕಟ್ಟುವಾಗ ಉಳಿದವರು ನನ್ನನ್ನೇ ನೋಡ್ತಾರೆ."

ಹನ್ನೊಂದು ವರ್ಷದ ಮಗು. ನಾನು ಅವಳಿಗೆ ಬೆಲ್ಟ್ ಕೊಟ್ಟೆ ಅಂದುಕೊಂಡಿದ್ದೆ. ಕೊಟ್ಟದ್ದು ಒಂದು ಸುಳ್ಳು. ಅದನ್ನು ಅವಳು ದಿನಾ ಸೊಂಟಕ್ಕೆ ಕಟ್ಟಿಕೊಂಡು ಬರಬೇಕಾಗಿತ್ತು. ಅವತ್ತು ನಾನು "ಇನ್ನೂ ಎರಡು ತಿಂಗಳು ಮಾಡುವ" ಅಂದಿದ್ದರೆ ಅಪ್ಪನಿಗೆ ಬೇಜಾರಾಗುತ್ತಿತ್ತು, ನಿಜ. ಆದರೆ ಅವಳು ಉಳಿಯುತ್ತಿದ್ದಳು. ಅವಳ ಆ ಮಾತು ನನಗೆ ಈಗಲೂ ನೋಯಿಸುತ್ತದೆ.

ಆಮೇಲೆ ನಾನು ಕೆಲವು ಪದ್ಧತಿ ಬದಲಿಸಿದೆ. ಟೆಸ್ಟಿಗೆ ಎರಡು ವಾರ ಮೊದಲು ಕ್ಲಾಸಿನಲ್ಲೇ ಒಂದು ಸಣ್ಣ ಟೆಸ್ಟ್ ಮಾಡುತ್ತೇನೆ. ಅದರಲ್ಲಿ ತಯಾರಿಲ್ಲ ಅಂತ ಕಂಡರೆ ಫೀಸು ತೆಗೆದುಕೊಳ್ಳುವುದೇ ಇಲ್ಲ. ಹಾಗಿದ್ದರೂ ಟೆಸ್ಟಿನ ದಿನ ಒಬ್ಬಿಬ್ಬರಿಗೆ ಆಗುವುದಿಲ್ಲ. ಅವರಿಗೆ ಹೆಸರು ಓದುವ ಮೊದಲೇ ಬದಿಗೆ ಕರೆದು ಹೇಳುತ್ತೇನೆ. ಪಟ್ಟಿ ಮಡಚುವ ಸದ್ದಿನಿಂದ ಯಾವ ಮಗುವೂ ಅದನ್ನು ತಿಳಿದುಕೊಳ್ಳಬಾರದು. ಮರುಪರೀಕ್ಷೆಗೆ ಮತ್ತೆ ಫೀಸಿಲ್ಲ. ಎಲ್ಲಕ್ಕಿಂತ ಮುಖ್ಯ, ತಪ್ಪು ಏನು ಅಂತ ಒಂದೇ ಒಂದು ಹೇಳುತ್ತೇನೆ. ಹತ್ತು ತಪ್ಪು ಇರಬಹುದು. ಒಂದು ಮಾತ್ರ ಹೇಳಬೇಕು. ಅದು ಕಣ್ಣಿಗೆ ಕಾಣುವಂಥದ್ದಾಗಿರಬೇಕು, ಮನೆಯಲ್ಲಿ ಅಜ್ಜಿಯೂ ನೋಡಿ ಹೇಳುವಂಥದ್ದಾಗಿರಬೇಕು. "ನಿನ್ನಲ್ಲಿ ಶಕ್ತಿ ಇಲ್ಲ", "ಗಮನ ಸಾಲದು" ಅಂದರೆ ಮಗು ಏನು ಮಾಡಬೇಕು? ಗಮನವನ್ನು ಎಲ್ಲಿಂದ ತರಬೇಕು? "ಹಿಂದಿನ ಕಾಲಿನ ಹಿಮ್ಮಡಿ ಏಳುತ್ತದೆ" ಅಂದರೆ ಮಾಡುವುದಕ್ಕೆ ಒಂದು ಕೆಲಸ ಸಿಕ್ಕಿತು.

ಇಲ್ಲೇ ಎರಡನೆಯ ಸಾಲಿನಲ್ಲಿ ಒಬ್ಬ ಹುಡುಗ ಇದ್ದಾನೆ. ಒಂಬತ್ತು ವರ್ಷ. ಹೋದ ಟೆಸ್ಟಿನಲ್ಲಿ ಅವನಿಗೆ ಆಗಲಿಲ್ಲ. ಅವನ ವಿಷಯ ಹೇಳಬಹುದಾ ಅಂತ ಅವನನ್ನೂ ಅವನ ಅಪ್ಪನನ್ನೂ ಮೊದಲೇ ಕೇಳಿದ್ದೇನೆ. ಹೇಳಿ ಅಂದಿದ್ದಾರೆ.

ಅವತ್ತು ಅಪ್ಪ ನನ್ನ ಹತ್ತಿರ ಬಂದರು. ಸಿಟ್ಟು ಇತ್ತು. "ಎಲ್ಲರಿಗೂ ಸಿಕ್ಕಿತು, ಇವನಿಗೆ ಮಾತ್ರ ಇಲ್ಲ ಅಂದರೆ ಹೇಗೆ ಟೀಚರ್? ಒಂದು ದಿನವೂ ಕ್ಲಾಸು ತಪ್ಪಿಸಿದವನಲ್ಲ." ಅದು ಸತ್ಯ. ಮಳೆಗಾಲದಲ್ಲಿ ಹೊಳೆ ತುಂಬಿ ಬಸ್ ನಿಂತ ದಿನವೂ ಅವನು ಬಂದಿದ್ದ. ನಾನು ಅವರಿಗೆ ಏನೂ ವಾದ ಮಾಡಲಿಲ್ಲ. ಹುಡುಗನನ್ನು ಕರೆದೆ. "ಅಪ್ಪನಿಗೆ ಹತ್ತು ಗುದ್ದು ತೋರಿಸು" ಅಂದೆ. ಅಪ್ಪನಿಗೆ ಹೇಳಿದೆ, "ಹೊಡೆಯುವ ಕೈ ನೋಡಬೇಡಿ. ಇನ್ನೊಂದು ಕೈ ನೋಡಿ."

ಗುದ್ದುವಾಗ ಒಂದು ಕೈ ಮುಂದೆ ಹೋಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಕೈ ಸೊಂಟಕ್ಕೆ ವಾಪಸ್ ಬರಬೇಕು. ಮುಷ್ಟಿ ಮೇಲ್ಮುಖವಾಗಿ, ಮೊಣಕೈ ಮೈಗೆ ತಾಗಿ. ಇದಕ್ಕೆ ಹಿಕಿತೆ ಅನ್ನುತ್ತಾರೆ, ಎಳೆದುಕೊಳ್ಳುವ ಕೈ. ನೋಡುವವರ ಕಣ್ಣೆಲ್ಲ ಮುಂದೆ ಹೋಗುವ ಕೈಯ ಮೇಲೆ. ಪರೀಕ್ಷಕರ ಕಣ್ಣು ವಾಪಸ್ ಬರುವ ಕೈಯ ಮೇಲೂ ಇರುತ್ತದೆ. ಹುಡುಗನ ಕೈ ವಾಪಸ್ ಬರುವಾಗ ಎದೆಯ ಹತ್ತಿರವೇ ನಿಂತುಬಿಡುತ್ತಿತ್ತು. ಒಂದು ಸಲ ಹೊಟ್ಟೆಯ ಹತ್ತಿರ. ಒಂದು ಸಲ ಗಾಳಿಯಲ್ಲೇ ನೇತಾಡಿತು. ಅಪ್ಪ ಹತ್ತೂ ನೋಡಿದರು. ಐದನೆಯದಕ್ಕೇ ಅವರ ಮುಖ ಸಡಿಲಾಯಿತು. "ಇದು ಮನೆಯಲ್ಲಿ ನಾನು ನೋಡಬಹುದಲ್ಲ ಟೀಚರ್?" ಅಂತ ಕೇಳಿದರು.

ಹೆತ್ತವರೇ, ಟೆಸ್ಟ್ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಇದೇ ಪ್ರಶ್ನೆ ಸಾಕು. "ಯಾವುದು ಸರಿಯಾಗಲಿಲ್ಲ? ನನಗೆ ತೋರಿಸು." ಪಕ್ಕದ ಮನೆಯ ಹುಡುಗನಿಗೆ ಹೇಗೆ ಸಿಕ್ಕಿತು ಅಂತ ಕೇಳಬೇಡಿ. ಪರೀಕ್ಷಕರೇ ಸರಿ ಇಲ್ಲ ಅಂತಲೂ ಹೇಳಬೇಡಿ. ಹಾಗೆ ಹೇಳಿದರೆ ಮಗುವಿಗೆ ಒಂದು ದಿನ ಸಮಾಧಾನ ಆಗುತ್ತದೆ, ಆದರೆ ಮಾಡಬೇಕಾದ ಕೆಲಸ ಕೈತಪ್ಪುತ್ತದೆ. ಅಳುತ್ತಿದ್ದರೆ ಅಳಲಿ. ಅಷ್ಟು ಅಳುತ್ತಾನೆ ಅಂದರೆ ಅಷ್ಟು ಬೇಕಿತ್ತು ಅಂತ ಅರ್ಥ. ಆವತ್ತೇ ಅಭ್ಯಾಸಕ್ಕೆ ನಿಲ್ಲಿಸಬೇಡಿ. ನಾನು ಮೂರು ವಾರ ತೆಗೆದುಕೊಂಡೆ, ಕೆಲವು ಮಕ್ಕಳಿಗೆ ಮೂರು ದಿನ ಸಾಕು.

ಒಬ್ಬರು ಅಮ್ಮ ಈಗ ಕೇಳಿದರು, ಎರಡನೆಯ ಸಲವೂ ಆಗದಿದ್ದರೆ ಏನು ಮಾಡುವುದು ಅಂತ. ಒಳ್ಳೆಯ ಪ್ರಶ್ನೆ. ಆಗ ನಾನು ಮೊದಲು ನನ್ನನ್ನೇ ಕೇಳಿಕೊಳ್ಳಬೇಕು. ಮರುಪರೀಕ್ಷೆಗೆ ನಿಲ್ಲಿಸಿದ್ದು ನಾನು ತಾನೇ? ಮಗು ತಯಾರಿದೆ ಅಂತ ಹೇಳಿದ್ದು ನಾನು. ಎರಡನೆಯ ಸಲ ಆಗಲಿಲ್ಲ ಅಂದರೆ ಅದರಲ್ಲಿ ಹೆಚ್ಚಿನ ಪಾಲು ಕಲಿಸುವವರದ್ದು. ನಾನು ಹೇಳಿಕೊಟ್ಟ ರೀತಿ ಆ ಮಗುವಿಗೆ ಹಿಡಿಸಲಿಲ್ಲ. ಬೇರೆ ರೀತಿಯಲ್ಲಿ ಹೇಳಬೇಕು. ನಮ್ಮ ಮಕ್ಕಳು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡಿ, ಕ್ಲಾಸಿಗೆ ಬಂದು ಇಚಿ, ನಿ, ಸಾನ್ ಅಂತ ಜಪಾನೀ ಭಾಷೆಯಲ್ಲಿ ಎಣಿಸುವವರು. ಎಷ್ಟೋ ಸಲ ನಾನು ಕನ್ನಡದಲ್ಲಿ ಹೇಳಿದಾಗ ಆಗದಿದ್ದದ್ದು ತುಳುವಿನಲ್ಲಿ ಹೇಳಿದ ಕೂಡಲೇ ಆದದ್ದುಂಟು.

ಇನ್ನೊಬ್ಬರು ಕೇಳಿದರು, ಮಗು ಬಿಟ್ಟೇ ಬಿಡುತ್ತೇನೆ ಅಂದರೆ? ಬಿಡಲಿ. ಆದರೆ ಫೇಲ್ ಆದ ವಾರದಲ್ಲಿ ಬಿಡುವುದು ಬೇಡ. ಇನ್ನೊಂದು ಟೆಸ್ಟ್ ಮುಗಿಸಿ, ಆಮೇಲೂ ಬೇಡ ಅನಿಸಿದರೆ ಬಿಡಲಿ. ಆಗ ನಾನೇ ಸಂತೋಷದಿಂದ ಕಳಿಸಿಕೊಡುತ್ತೇನೆ. ಚೆಂಡೆ ಕಲಿಯಲಿ, ಕಬಡ್ಡಿ ಆಡಲಿ.

ಮರುಪರೀಕ್ಷೆ ಮುಂದಿನ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಎಂಟೂವರೆಗೆ, ಇದೇ ಹಾಲ್‌ನಲ್ಲಿ. ನಾಲ್ಕು ಮಕ್ಕಳಿದ್ದಾರೆ. ಈ ಎರಡನೆಯ ಸಾಲಿನವನೂ ಒಬ್ಬ. ನಿನ್ನೆ ಕ್ಲಾಸಿನಲ್ಲಿ ನೋಡಿದೆ. ಬಲಗೈ ಸೊಂಟಕ್ಕೆ ಬರುತ್ತಾ ಉಂಟು. ಎಡಗೈ ಇನ್ನೂ ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತದೆ.